ಮೂರನೆಯ ಕೂಗು

ನನ್ನ ಮೈದುನ ಕನಕಪ್ಪನನ್ನು ಬೀದಿಯಿಂದ ಒಮ್ಮೆ ಕರೆದರೆ ಸಾಕು, ಬಾಯೊಳಗಿನ ರೊಟ್ಟಿ ನುಂಗದೆ "ಓ" ಎಂದು ಓಡಿಬರುತ್ತಿದ್ದ. ನಮ್ಮೂರು ಜಕ್ಕಲಿಯ ಕೆಲಸಗೇಡಿಗಳಿಗೆ ಅದೊಂದು ಆಟ. ಬೇಕೆಂದೇ ಕರೆದು ನಗುತ್ತಿದ್ದರು, ಅವರ ಬಾಯಿಗೆ ಮಣ್ಣು ಬೀಳ! ಅವನು ಅನುಭವಿಸಿದ್ದನ್ನು ಅವರು ಅನುಭವಿಸಿದ್ದರೆ ನಗು ಮರೆತೇ ಹೋಗುತ್ತಿತ್ತು.

ನಮ್ಮದು ಕಂಬಳಿ ನೇಯುವ ಮನೆ. ಸಾವಿರದ ಎಂಟುನೂರ ಐವತ್ತೆರಡರಲ್ಲಿ ಕನಕಪ್ಪ, ಚಿಕ್ಕನರಗುಂದದ ಗೆಳೆಯ ಅಯ್ಯಪ್ಪನ ಜೊತೆ ಕಂಬಳಿ ಮಾರಲು ಮುಂಬಯಿಗೆ ಹೋದ. ಅಲ್ಲಿ ಹಡಗಿನ ಸಾಹೇಬನೊಬ್ಬ ಗಂಟಿನಲ್ಲಿದ್ದ ಅಷ್ಟೂ ಕಂಬಳಿ ಕೊಂಡು, ಇಬ್ಬರನ್ನೂ ಖಲಾಸಿಗಳನ್ನಾಗಿ ಹಡಗು ಹತ್ತಿಸಿಕೊಂಡ. ಭೂಮಿಯ ಬಡಗಣ ತುದಿಗೆ ಹೋಗಿ ಮರಳದವರನ್ನು ಹುಡುಕಲು ಹೊರಟ ಹಡಗು ಅದು. ಹುಡುಕಲು ಹೋದವರಿಗೂ ಅದೇ ಗತಿಯಾಯಿತು.

"ಆಣಿಕಲ್ಲು ಕಂಡೀಯಲ್ಲ ಅತ್ತಿಗೆವ್ವಾ, ಅಲ್ಲಿ ಸಮುದ್ರನ ಅದು," ಎನ್ನುವಾಗ ಅವನ ಹಲ್ಲು ಕಟಕಟ ಎನ್ನುತ್ತಿದ್ದವು. "ಹಡಗ ಒಡದು ಗುಡಾರದಾಗ ಕುಂತ್ವಿ. ನೂರು ದಿನ ಹೊತ್ತ ಹುಟ್ಟಲಿಲ್ಲ. ಮಧ್ಯಾಹ್ನನೂ ಕತ್ತಲಿ. ಸತ್ತವರನ್ನ ಹುಗಿಯಾಕ ಮಣ್ಣಿಲ್ಲ, ಸುಡಾಕ ಕಟಗಿ ಇಲ್ಲ. ಹೊರಗ ಸಾಲಾಗಿ ಮಲಗಿಸಿದ್ವಿ. ಕಣ್ಣು ತೆರಕೊಂಡ ಇದ್ರು."

ಆಮೇಲೆ ಕೂಗು ಶುರುವಾಯಿತಂತೆ. ಒಬ್ಬ ಬಿಳಿಯ ಖಲಾಸಿ, ಸತ್ತ ತಮ್ಮ ಕರೆಯುತ್ತಿದ್ದಾನೆಂದು ಓಗೊಟ್ಟು ಹೊರಗೆ ಹೋದವನು ತಿರುಗಿ ಬರಲಿಲ್ಲ. ಕತ್ತಲಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಕೂಗಿಗೇ ಓಗೊಡಬೇಕು, ದೆವ್ವ ಎರಡಕ್ಕಿಂತ ಹೆಚ್ಚು ಕೂಗುವುದಿಲ್ಲ ಎಂಬುದು ನಮ್ಮ ಸೀಮೆಯಲ್ಲಿ ಸಣ್ಣ ಕೂಸಿಗೂ ಗೊತ್ತು. ಆ ಪರದೇಶಿಗಳಿಗೆ ಯಾರು ಹೇಳಬೇಕು?

ಒಂದು ದಿನ ಅಯ್ಯಪ್ಪ ಒಡೆದ ಹಡಗಿನಿಂದ ದೀಪದ ಎಣ್ಣೆ ತರಲು ಹೊರಗೆ ಹೋದಾಗ ಗಾಳಿ ಎದ್ದಿತು. ಕನಕಪ್ಪ ಗುಡಾರದಲ್ಲಿ ಒಬ್ಬನೇ ಇದ್ದ. "ಕನಕಪ್ಪಾ" ಎಂದು ಹೊರಗಿನಿಂದ ಅಯ್ಯಪ್ಪನ ದನಿ ಕೇಳಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಎರಡನೆಯ ಕೂಗು ಇನ್ನೂ ಮೆಲ್ಲಗೆ ಬಂತು. ಇನ್ನೊಂದು ಸಲ ಕರಿಯೋ, ಇನ್ನೊಂದೇ ಸಲ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಮೂರನೆಯದು ಬರಲಿಲ್ಲ.

ಗಾಳಿ ನಿಂತ ಮೇಲೆ ನೋಡಿದರೆ ಅಯ್ಯಪ್ಪ ಗುಡಾರದ ಬಾಗಿಲಲ್ಲೇ ಕುಳಿತಿದ್ದ. ಕೈ ಗುಡಾರದ ಬಟ್ಟೆ ಹಿಡಿದಿತ್ತು, ಬಾಯಿ ತೆರೆದಿತ್ತು. ಜೀವ ಇರಲಿಲ್ಲ.

ಬೇರೊಂದು ಹಡಗಿನವರ ಕಣ್ಣಿಗೆ ಬಿದ್ದು ಬದುಕಿ, ಮೂರು ವರ್ಷದ ಮೇಲೆ ಊರಿಗೆ ಬಂದ ಕನಕಪ್ಪನಿಗೆ ದಿನಾ ದೀಪ ಹಚ್ಚುವ ಹೊತ್ತಿಗೆ ಅವೇ ಎರಡು ಕೂಗು ಕೇಳುತ್ತಿದ್ದವು. ಓಗೊಟ್ಟು ಓಡಿದರೆ ಅಂಗಳದಲ್ಲಿ ಯಾರೂ ಇಲ್ಲ. "ಮೂರನೇದು ಬಂದರ ಹ್ಯಾಂಗ ಮಾಡ್ಲಿ ಅತ್ತಿಗೆವ್ವಾ?" ಎಂದು ಕೇಳುತ್ತಿದ್ದ. ನನಗೂ ಹೆದರಿಕೆ.

ಆ ಬೇಸಿಗೆಯಲ್ಲಿ ಅಯ್ಯಪ್ಪನ ತಾಯಿ ಮಾಯವ್ವ ಎರಡು ದಿನ ನಡೆದು ನಮ್ಮ ಮನೆಗೆ ಬಂದಳು. "ನನ್ನ ಮಗ ಕಡೀಕ ಏನಂದ?" ಎಂದಳು. ಕನಕಪ್ಪ ನೆಲಕ್ಕೆ ಹಣೆ ಹಚ್ಚಿ ಎಲ್ಲವನ್ನೂ ಹೇಳಿದ. ಮುದುಕಿ ಶಾಪ ಹಾಕುತ್ತಾಳೆಂದು ನಾನು ಅಂಜಿದೆ.

"ಮೂರು ಸಲ ಕರಿ ಅಂತ ನಾನ ಕಲಿಸಿದ್ದೆ ಅವಗ," ಎಂದಳು. "ದಮ್ಮು ಸಾಲಲಿಲ್ಲೇನೋ."

ಹೊರಗೆ ಕತ್ತಲಾಗುತ್ತಿತ್ತು, ದೀಪ ಹಚ್ಚುವ ಹೊತ್ತು. ಎದ್ದು ಹೊಸ್ತಿಲು ದಾಟಿ ಅಂಗಳಕ್ಕೆ ಹೋಗಿ ನಿಂತಳು.

"ಕನಕಪ್ಪಾ."

ಅವನು ನನ್ನ ಸೆರಗು ಹಿಡಿದುಕೊಂಡ. ಕೊನೆಗೆ "ಓ" ಎಂದ.

"ಒಳಗ ಕರಕೋಪಾ," ಎಂದಳು ಮಾಯವ್ವ. "ಭಾಳ ಥಂಡಿ ಐತಿ."

ಮೈ ಬೆವರುವಷ್ಟು ಸೆಕೆ ಇತ್ತು. ಕನಕಪ್ಪ ಮಗ್ಗದ ಮೇಲಿನ ಕಂಬಳಿ ತೆಗೆದುಕೊಂಡು ಹೊರಗೆ ಹೋಗಿ ಅವಳಿಗೆ ಹೊದಿಸಿ, ಕೈ ಹಿಡಿದು ಒಳಗೆ ಕರೆತಂದ.