ಚೌಡಿಯ ಆಣೆ ಮತ್ತು ಎರಡು ಟ್ಯೂಬು ರಕ್ತ

ದೆವ್ವ, ಮಾಟ, ಶಾಪ, ಆಣೆ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗಿ ಕಾಫಿ ಮಾಡಿಕೊಂಡು ಬರುವ ಪೈಕಿ. ಬೇಗಾರಿನ ನಮ್ಮ ಮನೆಯಲ್ಲಿ ಅಜ್ಜಿ ಇಂಥ ಕಥೆ ಶುರು ಮಾಡಿದಾಗಲೆಲ್ಲ "ನೀನು ಕಣ್ಣಾರೆ ಕಂಡಿದ್ಯಾ?" ಎಂದು ಅಡ್ಡ ಪ್ರಶ್ನೆ ಹಾಕಿ ಬೈಸಿಕೊಂಡವಳು. ಈಗ ಅದೇ ಪ್ರಶ್ನೆಯನ್ನು ನೀವು ನನಗೆ ಹಾಕಬಹುದು. ಹೌದು, ಕಣ್ಣಾರೆ ಕಂಡಿದ್ದೇನೆ. ಹಾಡಹಗಲಲ್ಲಿ, ಕನ್ನಡಕ ಒರೆಸಿಕೊಂಡು ಕಂಡಿದ್ದೇನೆ. ಕಂಡದ್ದು ಏನು ಎಂಬುದು ಮಾತ್ರ ಇವತ್ತಿಗೂ ನನಗೆ ತಿಳಿದಿಲ್ಲ.

ನನ್ನ ಕೆಲಸ ಪ್ಲೇಟ್‌ಲೆಟ್‌ಗಳ ಮೇಲೆ. ಡೆಂಗ್ಯೂ ಬಂದ ಮನೆಯಲ್ಲೆಲ್ಲ ಈ ಹೆಸರು ಕೇಳಿಯೇ ಇರುತ್ತೀರಿ. ರಕ್ತದಲ್ಲಿ ತೇಲುವ ಬಹಳ ಸಣ್ಣ ಚೂರುಗಳು ಅವು. ಎಲ್ಲಾದರೂ ಗಾಯವಾದರೆ ಓಡಿ ಬಂದು ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುತ್ತವೆ. ಮುಚ್ಚಿ ಸುಮ್ಮನೆ ಕೂರುವುದೂ ಇಲ್ಲ. ಹರಿದ ಬಟ್ಟೆ ಹೊಲಿದು ಕೊನೆಗೆ ದಾರ ಜಗ್ಗುತ್ತೇವಲ್ಲ, ಹಾಗೆ ಹೆಪ್ಪನ್ನು ಒಳಕ್ಕೆ ಎಳೆದು ಬಿಗಿ ಮಾಡುತ್ತವೆ. ಅದೇ ಚೂರುಗಳು ಜಾಗ ತಪ್ಪಿ ಹೃದಯದ ನಾಳದಲ್ಲಿ ಕೂಡಿಕೊಂಡರೆ ಮನುಷ್ಯ ನಿಂತಲ್ಲೇ ಸಾಯುತ್ತಾನೆ. ವಾಸಿ ಮಾಡುವುದೂ ಕೊಲ್ಲುವುದೂ ಒಂದೇ ಕೈ. ಇದನ್ನು ಓದುತ್ತಾ ನನ್ನ ಅರ್ಧ ಆಯುಷ್ಯ ಕಳೆದಿದೆ.

ಆ ವರ್ಷ ನಮ್ಮ ಕಡೆ ಮಂಗನ ಕಾಯಿಲೆ ಜೋರಾಗಿತ್ತು. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದರ ಮೈಮೇಲಿದ್ದ, ರಕ್ತ ಹೀರುವ ಉಣುಗುಗಳು ತರಗೆಲೆಗೆ ಇಳಿಯುತ್ತವೆ. ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರುವವರಿಗೆ ಕಚ್ಚುತ್ತವೆ. ಜ್ವರ ಬಂದು ಪ್ಲೇಟ್‌ಲೆಟ್ ಕುಸಿದು ಕೆಲವರಿಗೆ ಒಸಡಿನಲ್ಲಿ, ಮೂಗಿನಲ್ಲಿ ರಕ್ತ ಬರುತ್ತದೆ. ಆ ರಕ್ತ ಯಾಕೆ ನಿಲ್ಲುವುದಿಲ್ಲ ಎಂದು ನೋಡಲು ನಾನು ನರಸಿಂಹರಾಜಪುರದಲ್ಲಿ ಒಂದು ಅಡಿಕೆ ಮಂಡಿಯ ಮಹಡಿಯ ಮೇಲೆ ಕೋಣೆ ಹಿಡಿದಿದ್ದೆ. ಫ್ರೀಜರು, ಮೈಕ್ರೋಸ್ಕೋಪು, ಬಿಸಿನೀರಿನ ತೊಟ್ಟಿ ಎಲ್ಲ ಅಲ್ಲೇ. ಕೆಳಗೆ ಅಡಿಕೆ ಮೂಟೆ, ಮೇಲೆ ಜನರ ರಕ್ತ. ಊರವರಿಗೆ ನಾನು ಡಾಕ್ಟ್ರಮ್ಮ. ಔಷಧಿ ಕೊಡುವ ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಕೈ ಮುಂದೆ ಮಾಡಿ ನಾಡಿ ನೋಡಿ ಎನ್ನುತ್ತಿದ್ದರು.

ರೋಗಿಗಳ ರಕ್ತದ ಪಕ್ಕದಲ್ಲಿ ಇಟ್ಟು ಹೋಲಿಸಲು ಅದೇ ಊರುಗಳ ಆರೋಗ್ಯವಂತರ ರಕ್ತವೂ ಬೇಕಿತ್ತು. ಹಾಗೆ ಬಂದವರು ತಿಮ್ಮಪ್ಪಗೌಡರು. ನರಸಿಂಹರಾಜಪುರಕ್ಕೂ ಕೊಪ್ಪಕ್ಕೂ ನಡುವಿನ ಒಂದು ಊರಿನವರು, ಅರವತ್ತರ ಆಸುಪಾಸು, ಗಟ್ಟಿ ಆಳು. ಮಂಡಿಗೆ ಅಡಿಕೆ ತಂದಿದ್ದರು. ಮೇಲೆ ಪುಕ್ಕಟೆ ರಕ್ತ ಪರೀಕ್ಷೆ ಮಾಡುತ್ತಾರೆ ಎಂದು ಯಾರೋ ಹೇಳಿದ್ದೇ ಮೆಟ್ಟಿಲು ಹತ್ತಿ ಬಂದು ಅಂಗಿಯ ತೋಳು ಮಡಚಿ ಕೂತರು. "ಹಂಗೇ ಷುಗರ್ರೂ ನೋಡಿಬಿಡಿ ಡಾಕ್ಟ್ರಮ್ಮ, ತೆಗೆದ ಮೇಲೆ ಎಂತ ವೇಸ್ಟ್ ಮಾಡಾದು," ಎಂದು ನಕ್ಕರು. ನನಗೂ ನಗು ಬಂತು. ಸೂಜಿ ತೆಗೆದು ಮೊಣಕೈ ಒಳಗೆ ಹತ್ತಿ ಒತ್ತಿಸಿ ಕೂರಿಸಿದೆ.

ಅವರ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟೆ. ಹಳೇ ಕಾಲದ, ಬಹಳ ಸರಳವಾದ ಪರೀಕ್ಷೆ ಅದು. ಪ್ಲೇಟ್‌ಲೆಟ್ ಚೆನ್ನಾಗಿದ್ದರೆ ಹೆಪ್ಪು ಸ್ವಲ್ಪ ಹೊತ್ತಿನಲ್ಲಿ ಗಾಜನ್ನು ಬಿಟ್ಟು ಒಳಕ್ಕೆ ಕುಗ್ಗಿ ಗಟ್ಟಿಯಾಗುತ್ತದೆ, ಸುತ್ತ ತಿಳಿನೀರು ನಿಲ್ಲುತ್ತದೆ. ಪ್ಲೇಟ್‌ಲೆಟ್ ಇಲ್ಲದಿದ್ದರೆ ಹೆಪ್ಪು ಸಡಿಲವಾಗಿ ಟ್ಯೂಬು ತುಂಬಾ ಹಾಗೇ ಕೂತಿರುತ್ತದೆ. ಪಕ್ಕದಲ್ಲೇ, ಆಗಷ್ಟೇ ಆಸ್ಪತ್ರೆಯಿಂದ ತಂದ ಇನ್ನೊಂದು ಟ್ಯೂಬಿತ್ತು. ಅದು ನಾಗೇಶ ಎಂಬ ರೋಗಿಯದು. ಅವನ ಪ್ಲೇಟ್‌ಲೆಟ್ ಪಾತಾಳಕ್ಕಿಳಿದಿತ್ತು. ಅವನೂ ಇವರೂ ಒಂದೇ ಊರು ಎಂಬುದು ಗೊತ್ತಿತ್ತು. ಒಂದೇ ತಾಯಿಯ ಮಕ್ಕಳು ಎಂಬುದು ಗೊತ್ತಿರಲಿಲ್ಲ.

ಅದನ್ನು ಗೊತ್ತು ಮಾಡಿಸಿದವಳು ನಾಗೇಶನ ಹೆಂಡತಿ ಸುಜಾತ. ಭಾವ ಇಲ್ಲಿದ್ದಾರೆಂದು ಮಂಡಿಯವರಿಂದ ತಿಳಿದು ಆಸ್ಪತ್ರೆಯಿಂದ ಓಡಿಯೇ ಬಂದಿದ್ದಳು. ಮಧ್ಯಾಹ್ನದ ಬಿಸಿಲಿಗೆ ಮುಖ ಕೆಂಪಾಗಿತ್ತು. ನಾಗೇಶನನ್ನು ಶಿವಮೊಗ್ಗಕ್ಕೆ ಒಯ್ಯಬೇಕು, ಪ್ಲೇಟ್‌ಲೆಟ್ ಏರಿಸಬೇಕು, ಅವನದು ಸಿಗದ ಗುಂಪಿನ ರಕ್ತ, ಅಲ್ಲಿನ ರಕ್ತನಿಧಿಯಲ್ಲಿ ಸದ್ಯಕ್ಕೆ ಇಲ್ಲ, ಕೊಡುವವರನ್ನು ಕರಕೊಂಡೇ ಬನ್ನಿ ಎಂದಿದ್ದಾರೆ. "ಭಾವ, ನಿಮ್ದೂ ಅದೇ ಗುಂಪು ಅಂತೆ. ಜೀಪು ನಿಲ್ಸಿದ್ದೀನಿ. ಒಂದ್ಸಲ ಬನ್ನಿ," ಎಂದಳು.

ತಿಮ್ಮಪ್ಪಗೌಡರು ಮೊಣಕೈ ಮೇಲಿನ ಹತ್ತಿಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಅವಳಿಗೆ ಹೇಳಬೇಕಾದದ್ದನ್ನು ನನಗೆ ಹೇಳಿದರು. ಅವರಿಗೂ ತಮ್ಮನಿಗೂ ಬೇಲಿಯ ಮೇಲಿನ ಒಂದು ಹಲಸಿನ ಮರದ ವಿಷಯಕ್ಕೆ ಜಗಳವಾಗಿ, ಇಬ್ಬರೂ ಊರು ಕಾಯುವ ದೇವತೆ ಚೌಡಿಯ ಕಲ್ಲಿನ ಮುಂದೆ ನಿಂತು ಆಣೆ ಹಾಕಿಕೊಂಡಿದ್ದರಂತೆ: ನನ್ನ ಮನೆಯದು ಅವನಿಗೆ ದಕ್ಕಬಾರದು, ಅವನ ಮನೆಯದು ನನಗೆ ಬೇಡ. ಅವತ್ತಿನಿಂದ ಉಪ್ಪು, ಬೆಂಕಿ, ನೀರು ಯಾವುದೂ ಬೇಲಿ ದಾಟಿಲ್ಲ. ಇಂಥ ಆಣೆಯನ್ನು ಬಿಡಿಸಬೇಕಾದರೆ ಹಾಕಿದವರಿಬ್ಬರೂ ಒಟ್ಟಿಗೆ ಅದೇ ಕಲ್ಲಿನ ಮುಂದೆ ನಿಂತು, ಒಂದೇ ತೆಂಗಿನಕಾಯಿಗೆ ಕೈ ಹಚ್ಚಿ ಒಡೆಯಬೇಕು. ಒಬ್ಬನೇ ಹೋದರೆ ನಡೆಯುವುದಿಲ್ಲ.

"ಅವನು ಎದ್ದು ಬರ್ಲಿ, ಬಿಡಿಸಾಣ. ಆಮೇಲೆ ಕೊಡಾಣ," ಎಂದರು ಗೌಡರು.

ಎದ್ದು ಬರುವ ಸ್ಥಿತಿಯಿದ್ದರೆ ಇವರ ರಕ್ತ ಯಾರಿಗೆ ಬೇಕಿತ್ತು? ನನಗೆ ಮೈ ಉರಿಯಿತು. ಪ್ಲೇಟ್‌ಲೆಟ್ ಕೊಟ್ಟರೆ ನಿಮಗೆ ನಷ್ಟವಿಲ್ಲ, ಕೆಲವೇ ದಿನದಲ್ಲಿ ಮತ್ತೆ ಹುಟ್ಟುತ್ತವೆ, ಈಗ ತಾನೆ ನನಗೆ ನಗುನಗುತ್ತಾ ಕೊಟ್ಟಿರಲ್ಲ ಎಂದೆ. ಅವರು ಬಹಳ ಶಾಂತವಾಗಿ, "ನಿಮ್ಗೆ ಕೊಟ್ಟಿದ್ದು ಬೇರೆ ಡಾಕ್ಟ್ರಮ್ಮ. ಅವನಿಗೆ ಅಂತ ಕೊಟ್ರೆ ಆಣೆ. ಮುರಿಯಕ್ಕೆ ಆಗದಿಲ್ಲ," ಎಂದರು. ಚೌಡಿಯ ಹೆದರಿಕೆಯೇ ಅಷ್ಟಿತ್ತೋ, ಹಲಸಿನ ಮರದ ಸಿಟ್ಟು ಚೌಡಿಯ ಹೆಸರು ಹೇಳುತ್ತಿತ್ತೋ, ನನಗೆ ಗೊತ್ತಾಗಲಿಲ್ಲ. ಸುಜಾತ ಅವರ ಕಾಲು ಹಿಡಿಯಲು ಬಗ್ಗಿದಳು. ಅವರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಅವಳ ಬೆರಳು ತಾಗಬಾರದು ಎಂದು ಜೋಪಾನವಾಗಿ ಎಳೆದುಕೊಂಡದ್ದು ನನಗೆ ಸರಿಯಾಗಿ ಕಂಡಿತು. ಅವಳು ಬಗ್ಗಿದಲ್ಲಿಂದಲೇ ಎದ್ದು ಇಳಿದು ಹೋದಳು. ಗೌಡರು ಹತ್ತಿಯನ್ನು ಒತ್ತಿಕೊಂಡೇ ಬಸ್ಸಿಗೆ ಹೊರಟರು. ಹತ್ತಿ ಪೂರ್ತಿ ಕೆಂಪಾಗಿತ್ತು. ಸರಿಯಾಗಿ ಒತ್ತಿರಲಿಕ್ಕಿಲ್ಲ ಎಂದುಕೊಂಡು ಬೇರೆ ಹತ್ತಿ ಕೊಟ್ಟೆ.

ಇಷ್ಟಾದ ಮೇಲೆ ತೊಟ್ಟಿಯ ಕಡೆ ಹೋದೆ. ತಮ್ಮನ ಟ್ಯೂಬಿನಲ್ಲಿ, ಪ್ಲೇಟ್‌ಲೆಟ್ ಇಲ್ಲವೇ ಇಲ್ಲ ಎನ್ನಬಹುದಾದ ಆ ರಕ್ತದಲ್ಲಿ, ಹೆಪ್ಪು ಒಣಗಿದ ನೆಲ್ಲಿಕಾಯಿಯ ಹಾಗೆ ಬಿಗಿದು ಕೂತಿತ್ತು. ಸುತ್ತ ತಿಳಿನೀರು. ಅಣ್ಣನ ಟ್ಯೂಬಿನಲ್ಲಿ ಹೆಪ್ಪು ಅಲ್ಲಾಡಿಸಿದರೆ ತುಳುಕುವಷ್ಟು ಸಡಿಲ. ಚೀಟಿ ಅಂಟಿಸುವಾಗ ಅದಲು ಬದಲು ಮಾಡಿದೆ ಎಂದು ನನ್ನನ್ನೇ ಬೈದುಕೊಂಡೆ. ಇಬ್ಬರದೂ ಒಂದೇ ಗುಂಪಾದ್ದರಿಂದ ಯಾವುದು ಯಾರದ್ದೆಂದು ಗುಂಪು ನೋಡಿ ಹೇಳುವಂತಿರಲಿಲ್ಲ. ಎರಡನ್ನೂ ಫ್ರೀಜರಿಗೆ ಹಾಕಿದೆ. ನಾಗೇಶನಿಂದ ಮತ್ತೊಮ್ಮೆ ರಕ್ತ ತೆಗೆದು ನೋಡುವ ಅವಕಾಶ ಸಿಗಲಿಲ್ಲ. ಶಿವಮೊಗ್ಗದಲ್ಲಿ ರಕ್ತ ಕೊಡುವವರನ್ನು ಹುಡುಕುತ್ತಿರುವಾಗಲೇ ಅವನು ಹೋಗಿಬಿಟ್ಟ. ಬಾಯಿ ತುಂಬಾ ರಕ್ತ ಇಟ್ಟುಕೊಂಡೇ ಹೋದ ಎಂದು ಜೀಪಿನವನು ಹೇಳಿದ. ಅಣ್ಣ ಕೊಟ್ಟಿದ್ದರೆ ಉಳಿಯುತ್ತಿದ್ದನೇ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೆ ಗೊತ್ತಿಲ್ಲ. ಉಳಿಯಲೂಬಹುದಿತ್ತು.

ಕೆಲವು ವಾರಗಳ ಮೇಲೆ ತಿಮ್ಮಪ್ಪಗೌಡರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಮೊಣಕೈಗೆ ಬಟ್ಟೆ ಸುತ್ತಿದ್ದರು. ನಾನು ಸೂಜಿ ಚುಚ್ಚಿದ ತೂತು ಇನ್ನೂ ಮುಚ್ಚಿರಲಿಲ್ಲ. ಧಾರೆಯಾಗಿ ಹರಿಯುತ್ತಿರಲಿಲ್ಲ, ಸಾಯುವಷ್ಟೇನೂ ಇಲ್ಲ. ಒರೆಸಿದರೆ ಒಂದು ಹನಿ, ಮತ್ತೆ ಒರೆಸಿದರೆ ಮತ್ತೊಂದು ಹನಿ. ಕಾಫಿ ಪುಡಿ ಒತ್ತಿದ್ದಾಯಿತು, ಕಮ್ಯುನಿಸ್ಟ್ ಗಿಡದ ಸೊಪ್ಪು ಅರೆದು ಹಚ್ಚಿದ್ದಾಯಿತು, ಕೊಪ್ಪದಲ್ಲಿ ಹೊಲಿಗೆ ಹಾಕಿಸಿ ಹೊಲಿಗೆಯ ಸಂದಿನಲ್ಲೂ ಬಂದದ್ದಾಯಿತು. ಆಸ್ಪಿರಿನ್ ನುಂಗುತ್ತೀರಾ, ಕುಡಿಯುತ್ತೀರಾ, ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಯಾವುದೂ ಇಲ್ಲ. ಇನ್ನೊಂದು ಕೈಯಿಂದ ರಕ್ತ ತೆಗೆದು, ಈ ಸಲ ಬುದ್ಧಿವಂತಿಕೆಯಿಂದ ನನ್ನ ರಕ್ತವನ್ನೂ ಒಂದು ಟ್ಯೂಬಿಗೆ ಹಾಕಿ ಎರಡನ್ನೂ ಒಟ್ಟಿಗೆ ನೀರಿಗಿಟ್ಟೆ. ಹಳೆಯ ಎರಡು ಟ್ಯೂಬು ಫ್ರೀಜರಿನಲ್ಲಿವೆ ಎಂದು ಗೌಡರಿಗೂ ಹೇಳಿದೆ; ತೊಟ್ಟಿಯಲ್ಲಿ ಬೇರೆ ಯಾರ ಟ್ಯೂಬೂ ಇರಲಿಲ್ಲ. ನನ್ನದು ಪಾಠದಲ್ಲಿ ಬರೆದ ಹಾಗೆ ಕುಗ್ಗಿತು. ಅವರದು ಸಂಜೆಯವರೆಗೂ ತುಳುಕುತ್ತಲೇ ಇತ್ತು.

ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪ್ಲೇಟ್‌ಲೆಟ್‌ಗಳು ಇದ್ದವು, ಬೇಕಾದಷ್ಟಿದ್ದವು, ಆಕಾರವೂ ಸರಿಯಿತ್ತು. ಬೆಂಗಳೂರಿಗೆ ಕಳಿಸಿದ ಮಾದರಿಗಳಲ್ಲೂ ಯಾವ ಕೊರತೆಯೂ ಕಾಣಲಿಲ್ಲ. ಎಲ್ಲವೂ ಇದ್ದು ಒಂದನ್ನೊಂದು ಹಿಡಿಯುತ್ತಿರಲಿಲ್ಲ, ಅಷ್ಟೆ. ವರದಿ ಬರುವ ಹೊತ್ತಿಗೆ ಎರಡನೇ ಕೈಯ ತೂತೂ ಒಸರುತ್ತಿತ್ತು. ಗೌಡರು ಎರಡೂ ಮೊಣಕೈಗೆ ಬಟ್ಟೆ ಸುತ್ತಿಕೊಂಡು ನನ್ನೆದುರು ಕೂತಿದ್ದರು. ಆ ಗಟ್ಟಿ ಆಳು ಹಾಗೆ ಕೂತದ್ದನ್ನು ನೋಡಿ ನನಗೆ ಅಯ್ಯೋ ಎನಿಸಲಿಲ್ಲ. ಕಾಲು ಎಳೆದುಕೊಂಡದ್ದೇ ಕಣ್ಣಮುಂದೆ ಬರುತ್ತಿತ್ತು.

"ಆಣೆ ಬಿಡಿಸ್ಬೇಕು ಡಾಕ್ಟ್ರಮ್ಮ," ಎಂದರು. "ಅವನಿಲ್ಲ. ಸುಟ್ಟಾಯ್ತು, ಬೂದಿ ತುಂಗೆಗೆ ಬಿಟ್ಟಾಯ್ತು. ಅವನದ್ದು ಅಂತ ಉಳಿದಿದ್ದು ನಿಮ್ಮ ಪೆಟ್ಟಿಗೆಲಿ ಇರೋದೊಂದೇ. ಅದನ್ನ ಕೊಡಿ. ಕಲ್ಲಿನ ಮುಂದೆ ಇಟ್ಟು, ಅವನೇ ಬಂದಿದ್ದಾನೆ ಅಂತ ಹೇಳಿ ಕಾಯಿ ಒಡಿತೀನಿ."

ಪರೀಕ್ಷೆಗೆ ಕೊಟ್ಟ ರಕ್ತವನ್ನು ಹಾಗೆಲ್ಲ ಯಾರಿಗೂ ಕೊಡುವಂತಿಲ್ಲ, ಕೊಡಬೇಕಾದರೆ ಸುಜಾತ ಒಪ್ಪಬೇಕು ಎಂದೆ. "ಅವಳನ್ನೇ ಕೇಳಿ," ಎಂದರು ಗೌಡರು. ಇವರ ತೂತುಗಳು ಮುಚ್ಚುತ್ತವೋ ಇಲ್ಲವೋ ನೋಡುವ ಆಸೆ ನನಗೂ ಇತ್ತು, ಸುಳ್ಳೇಕೆ ಹೇಳಲಿ? ನಂಬಿಕೆ ಇಲ್ಲದವಳು ಐಸ್ ಪೆಟ್ಟಿಗೆಯಲ್ಲಿ ತಮ್ಮನ ಟ್ಯೂಬು ಇಟ್ಟುಕೊಂಡು ಗೌಡರು ಬಾಡಿಗೆಗೆ ತಂದ ಜೀಪಿನಲ್ಲೇ ಅವರ ಊರಿಗೆ ಹೋದೆ.

ಬೇಲಿಯ ಮೇಲೆ ಹಲಸಿನ ಮರ ಇರಲಿಲ್ಲ. ಯಾವತ್ತೋ ಕಡಿದಿದ್ದರು, ಬುಡ ಮಾತ್ರ ಇತ್ತು. ಗೌಡರು ತಮ್ಮ ಕಡೆಯೇ ನಿಂತರು, ದಾಟಲಿಲ್ಲ. ಸುಜಾತ ಅಂಗಳದಿಂದ ಬೇಲಿಯವರೆಗೆ ಬಂದಳು. ನಾನು ವಿಷಯ ಹೇಳಿದೆ. ಅವಳು ಟ್ಯೂಬು ತೋರಿಸಿ ಎಂದಳು. ಕೈಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದಳು. ಗಾಜಿನ ಮೇಲಿನ ಹಿಮವನ್ನು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದಳು. ಎಷ್ಟು ಹೊತ್ತು ನೋಡಿದಳೋ. ಆಮೇಲೆ ಭಾವನ ಎರಡು ಕೈಯ ಬಟ್ಟೆಗಳನ್ನೂ ಅಷ್ಟೇ ಹೊತ್ತು ನೋಡಿದಳು.

"ನಮ್ಮನೆದು ನಿಮ್ಗೆ ಬೇಡ ಅಂತ ಅಲ್ವಾ ಭಾವ ಆಣೆ?" ಎಂದಳು. ದನಿ ಏರಲಿಲ್ಲ. "ಮುರಿಯಕ್ಕೆ ಆಗದಿಲ್ಲ."

ಗೌಡರು ಅತ್ತರು. ಬೇಲಿಯ ಮೇಲಿಂದ ಕೈ ಚಾಚಿದರು, ಬಟ್ಟೆಯಿಂದ ಒಂದು ಹನಿ ಹಲಸಿನ ಬುಡದ ಮೇಲೆ ಬಿತ್ತು. ಸುಜಾತ ಒಂದು ಹೆಜ್ಜೆ ಹಿಂದೆ ಸರಿದು ಟ್ಯೂಬನ್ನು ನನ್ನ ಕೈಗೆ ಕೊಟ್ಟಳು. ನಾನು, ಹಾಗಾದರೆ ಇದನ್ನು ನೀವೇ ಇಟ್ಟುಕೊಳ್ಳಿ, ಇಲ್ಲವೇ ಹೊಳೆಗೆ ಬಿಡಿ ಎಂದೆ. ನನಗೆ ಅದು ಬೇಡವಾಗಿತ್ತು.

"ಬೇಡ. ನಿಮ್ಮ ಪೆಟ್ಟಿಗೆಲೇ ಇರ್ಲಿ, ಕೆಡದ ಹಂಗೆ ಇಡಿ," ಎಂದಳು. "ಇವ್ರು ಕೇಳಕ್ಕೆ ಬಂದಾಗೆಲ್ಲ ನಂಗೊಂದು ಫೋನ್ ಮಾಡಿ. ಕೊಡಲ್ಲ ಅಂತ ನಾನೇ ಹೇಳ್ಬೇಕು."

ಇದು ನಡೆದು ವರ್ಷಗಳಾದವು. ತಿಮ್ಮಪ್ಪಗೌಡರಿಗೆ ಏನೂ ಆಗಿಲ್ಲ. ಉಣ್ಣುತ್ತಾರೆ, ಓಡಾಡುತ್ತಾರೆ, ಎರಡು ಕೈಗೂ ಬಟ್ಟೆ ಸುತ್ತಿಕೊಂಡು ಅಡಿಕೆ ಮಾರುತ್ತಾರೆ. ನೋಡಿದ ಡಾಕ್ಟರುಗಳೆಲ್ಲ ರಕ್ತ ಸರಿಯಿದೆ ಎಂದೇ ಬರೆದಿದ್ದಾರೆ. ಕಾರಣ ಹುಡುಕುವುದನ್ನು ನಾನು ಬಿಟ್ಟಿಲ್ಲ, ಸಿಕ್ಕಿಯೂ ಇಲ್ಲ. ಮಂಗನ ಕಾಯಿಲೆಯ ಕಾಲಕ್ಕೆ ನಾನು ಮಂಡಿಯ ಮೇಲಿನ ಕೋಣೆಗೆ ಬಂದದ್ದು ತಿಳಿದ ಕೂಡಲೇ ಅವರು ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ನಾನು ಸುಜಾತಳಿಗೆ ಫೋನ್ ಮಾಡಿ, ಅವರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತೇನೆ. ಒಂದು ಸಲವೂ ಅವಳು ಎರಡನೇ ರಿಂಗಿನವರೆಗೆ ಕಾಯಿಸಿಲ್ಲ.