ಗೇರ್ ಬಾಕ್ಸ್ ಕೂರಿಸಿದ ಮಧ್ಯಾಹ್ನ

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖ ನೋಡಿಯೇ ನಗುತ್ತಿದ್ದೆ. ನಮ್ಮ ಓರಗಿತ್ತಿ ಹುಣಸೆ ಮರದ ಕೆಳಗೆ ಯಾರನ್ನೋ ಕಂಡೆ ಎಂದು ಜ್ವರ ಬಂದು ಮಲಗಿದಾಗ, "ಹೊಟ್ಟೆ ಹಸಿದ್ರೆ ಅಂಗೇ ಕಾಣೋದು, ಎದ್ದು ಮುದ್ದೆ ಉಣ್ಣು" ಎಂದವಳು ನಾನು. ಅಂಥ ಕತೆಗಳನ್ನು ಈಗಲೂ ನಂಬುವುದಿಲ್ಲ. ಆದರೆ ನನ್ನ ಕೈಗೇ ಆದ ಒಂದು ಸಂಗತಿ ಇದೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಮಧುಗಿರಿಯಲ್ಲಿ ನಮ್ಮದೊಂದು ಗ್ಯಾರೇಜು ಇತ್ತು. ತಗಡಿನ ಚಾವಣಿ, ಎದುರಿಗೆ ಬೆಟ್ಟ. ನಮ್ಮ ಮನೆಯವರು ಲಾರಿ, ಜೀಪು ರಿಪೇರಿ ಮಾಡುತ್ತಿದ್ದರು. ಊರಿಗೆಲ್ಲ ಅವರು ಮೇಸ್ತ್ರಿ. ಕೆಲಸಕ್ಕೆ ಸೇರಿದವರು ಕೈ ಕುದುರುತ್ತಲೇ ತುಮಕೂರಿಗೆ ಹೋಗಿಬಿಡುವರು. ಹಾಗಾಗಿ ಅಡುಗೆ ಮುಗಿಸಿ ನಾನೇ ಹೋಗಿ ಸ್ಪ್ಯಾನರ್ ಹಿಡಿದೆ. ಹೆಂಗಸು ಗಾಡಿ ಕೆಳಗೆ ತೂರುತ್ತಾಳೆ ಎಂದು ಆಡಿಕೊಂಡವರಿದ್ದರು. ಅವರ ಗಾಡಿ ಕೆಟ್ಟರೂ ನಮ್ಮಲ್ಲಿಗೇ ಬರುತ್ತಿತ್ತು.

ಇಲ್ಲಿ ನಮ್ಮ ಅತ್ತೆಯ ವಿಷಯ ಹೇಳಬೇಕು. ನನಗೂ ಅವರಿಗೂ ಅಷ್ಟಕ್ಕಷ್ಟೆ. ಮಾತು ಬಿಟ್ಟ ದಿನಗಳಲ್ಲೂ ರಾಗಿ ಬೀಸುವ ಕಲ್ಲಿನ ಮುಂದೆ ಎದುರುಬದುರು ಕೂರಲೇಬೇಕಿತ್ತು. ಒಂದೇ ಗೂಟಕ್ಕೆ ಇಬ್ಬರ ಕೈ. ಅವರ ಬಲಗೈ ಯಾವ ಕಾಲದಲ್ಲೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದಕ್ಕೆ ಗೂಟ ಅವರ ಮಗ್ಗುಲಿಗೆ ಹೋದಾಗೆಲ್ಲ ಒಂದು ಸಣ್ಣ ಜಗ್ಗು. ಪ್ರತಿ ಸುತ್ತಿಗೂ, ಅದೇ ಜಾಗದಲ್ಲಿ. ಮೇಲಿನ ಕಲ್ಲು ಸರಿಯಾಗಿ ಕೂತಿಲ್ಲವೆಂದರೆ ನನಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. "ಕೂತಿಲ್ಲ ಕಣೆ. ಕಿವೀಲಿ ಕೇಳಬ್ಯಾಡ, ಕೈಯಲ್ಲಿ ಕೇಳು" ಎನ್ನುವರು. ಒಂದು ದಿನವೂ ನನ್ನ ಕೆಲಸ ಚೆನ್ನಾಗಿದೆ ಎಂದವರಲ್ಲ. ನಾನು ಹೇಳುತ್ತಿರುವ ಸಂಗತಿ ಆಗುವ ಹೊತ್ತಿಗೆ ಅವರು ತೀರಿಕೊಂಡು ವರ್ಷ ಕಳೆದಿತ್ತು.

ಎಂಬತ್ತರ ದಶಕದ ಮೊದಲಲ್ಲಿ ಪಾವಗಡದ ಕಡೆ ಬೋರ್‌ವೆಲ್ ಕೊರೆಸಲು ಹೊರದೇಶದವರದೊಂದು ಸಂಸ್ಥೆ ಬಂದಿತ್ತು. ತಮ್ಮ ಪಿಕಪ್ ಗಾಡಿಯನ್ನೂ ಹಡಗಿನಲ್ಲಿ ತಂದಿದ್ದರು. ಅದಕ್ಕೆ ಕ್ಲಚ್ಚೇ ಇಲ್ಲ, ಗೇರು ತನ್ನಷ್ಟಕ್ಕೆ ತಾನೇ ಬೀಳುತ್ತದೆ. ಆ ಗಾಡಿ ಏರು ಹತ್ತದಾಯಿತು. ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ನಿಂತಲ್ಲೇ. ಅದರ ಡ್ರೈವರ್ ಸಿರಾದ ಇಬ್ರಾಹಿಂ, ಲಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ತಂದ. ಬೇರೆ ಗ್ಯಾರೇಜಿನವರು ಯಾರೂ ಮುಟ್ಟಿರಲಿಲ್ಲ. ಟೀ ಅಂಗಡಿಯಲ್ಲಿ ಒಬ್ಬ, "ಈ ಗಾಡಿ ಮೇಸ್ತ್ರಿ ಅಂಗಳದಾಗೆ ಮಣ್ಣಾಗ್ತೈತೆ ಬುಡು" ಎಂದ. ನಮ್ಮವರಿಗೆ ರೋಷ ಬಂತು. "ಬಿಚ್ಚಿ ಕೂರಿಸ್ತೀನಿ. ಆಗ್ದಿದ್ರೆ ನಾಳೇನೇ ಗ್ಯಾರೇಜಿನ ಬೋರ್ಡು ಇಳಿಸ್ತೀನಿ" ಎಂದುಬಿಟ್ಟರು, ಎಲ್ಲರೂ ಕೇಳುವ ಹಾಗೆ.

ಆ ಬೋರ್ಡೇ ನಮ್ಮ ಅನ್ನ. ನನಗೆ ಮೈ ಉರಿಯಿತು. ಆದರೆ ಬಾಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳುವುದು ಹೇಗೆ?

ಗೇರ್ ಬಾಕ್ಸ್ ಇಳಿಸಿದೆವು. ತೆಗೆದದ್ದನ್ನೆಲ್ಲ ತೆಗೆದ ಸಾಲಿನಲ್ಲೇ ನನ್ನ ಹಳೇ ಸೀರೆಯ ಮೇಲೆ ಜೋಡಿಸಿದೆ. ಸವೆದ ಪ್ಲೇಟು, ಸೀಲುಗಳಿಗೆ ಬದಲಿ ಸಾಮಾನು ಆ ಸಂಸ್ಥೆಯವರ ಹತ್ತಿರವೇ ಇತ್ತು. ತೊಳೆದು, ಒರೆಸಿ, ಅದೇ ಸಾಲು ಹಿಡಿದು ಮತ್ತೆ ಒಳಗೆ ಇಟ್ಟೆವು. ಅಲ್ಲಿಯವರೆಗೆ ಎಲ್ಲ ಸರಿ. ಇನ್ನು ಮೇಲಕ್ಕೆ ಎತ್ತಿ ಎಂಜಿನ್ನಿಗೆ ಕೂಡಿಸಬೇಕು ಎನ್ನುವಾಗ ನಮ್ಮವರು ಬೇರೊಂದು ಲಾರಿಯ ರೇಡಿಯೇಟರ್ ಮುಚ್ಚಳ ತೆಗೆಯಲು ಹೋಗಿ ಬಲಗೈ ಬೇಯಿಸಿಕೊಂಡರು. ಕೈಗೆ ಬಟ್ಟೆ ಸುತ್ತಿಕೊಂಡು ಬಂದು, "ಇನ್ನು ನೀನೇ" ಎಂದರು.

ಉಳಿದಿದ್ದದ್ದು ಕನ್ವರ್ಟರ್, ಕ್ಲಚ್ಚಿನ ಬದಲು ಎಂಜಿನ್ನಿನ ಸುತ್ತನ್ನು ಗೇರಿಗೆ ದಾಟಿಸುವುದು. ಸಿಹಿ ಕುಂಬಳಕಾಯಿಯ ಹಾಗೆ ದುಂಡಗೆ, ಭಾರವಾದ ಕಬ್ಬಿಣ. ಅದು ಗೇರ್ ಬಾಕ್ಸಿನ ಬಾಯೊಳಗೆ ಹಲ್ಲಿಗೆ ಹಲ್ಲು ಸೇರಿ ಇಳಿದು ಕೂರಬೇಕು. ಬಿಚ್ಚುವಾಗ ಒಂದೇ ಎಳೆತಕ್ಕೆ ಕಿತ್ತಿದ್ದರಿಂದ ಅದು ಎಷ್ಟು ಆಳಕ್ಕೆ ಕೂತಿತ್ತು ಎಂದು ಯಾರೂ ನೋಡಿರಲಿಲ್ಲ. ಗೇರ್ ಬಾಕ್ಸನ್ನು ಲಾರಿ ಟಯರಿನೊಳಗೆ ಬಾಯಿ ಮೇಲಾಗಿ ನಿಲ್ಲಿಸಿ, ಮುಂದೆ ಕೂತು, ಎರಡು ಕೈಯಲ್ಲೂ ಕನ್ವರ್ಟರ್ ಹಿಡಿದು ತಿರುಗಿಸತೊಡಗಿದೆ.

"ಅಕ್ಕಾ, ಮುದ್ದೆ ತಿರುವ್ದಂಗೆ ತಿರುವಬ್ಯಾಡಿ, ಫಾರಿನ್ ಮಾಲು" ಎಂದ ಇಬ್ರಾಹಿಂ.

"ನಿನ್ನ ಫಾರಿನ್ನು ಮಧುಗಿರಿಗೆ ಬಂದೇ ರಿಪೇರಿ ಆಗ್ತಿರೋದು ಕಣಪ್ಪ. ಬೀಡಿ ಸೇದೋದಾದ್ರೆ ಆಚೆ ಹೋಗು."

ಅವನು ನಗುತ್ತಾ ಆಚೆ ಹೋದ. ಕನ್ವರ್ಟರ್ ಒಂದು ಸಲ ಟಕ್ ಎಂದು ಇಳಿಯಿತು. ಇನ್ನಷ್ಟು ತಿರುಗಿಸಿದೆ. ಮತ್ತೊಂದು ಸಲ ಇಳಿಯಿತು, ಶಬ್ದ ಜೋರಾಗಿಯೇ ಬಂತು.

"ಕೂತ್ಕೊಂತು. ಸಾಕು ಬುಡು, ಎತ್ತಾನ" ಎಂದರು ನಮ್ಮವರು.

"ಕೂತೈತೆ ಅಂತ ಹೆಂಗೆ ಹೇಳ್ತೀರಾ?"

"ಕಿವಿ ಇಲ್ವೇನೆ ನಿಂಗೆ? ಶಬ್ದ ಕೇಳ್ಲಿಲ್ವಾ?" ಎಂದು, ಭಾರ ಎತ್ತುವ ಚೈನ್ ಪುಲ್ಲಿ ಎಳೆಯಲೆಂದು ಇಬ್ರಾಹಿಂನನ್ನು ಕರೆಯಲು ಹೊರಗೆ ಹೋದರು.

ಶೆಡ್ಡಿನಲ್ಲಿ ನಾನೊಬ್ಬಳೇ. ನಡುಮಧ್ಯಾಹ್ನ, ತಗಡು ಕಾದು ಚಟಚಟ ಎನ್ನುತ್ತಿತ್ತು. ಕೈ ತೆಗೆಯಬೇಕು ಎಂದುಕೊಳ್ಳುತ್ತಲೇ ಸುಮ್ಮನೆ ಇನ್ನೊಂದು ಸುತ್ತು ತಿರುಗಿಸಿದೆ. ಕನ್ವರ್ಟರ್ ನನ್ನ ಎದುರು ಮಗ್ಗುಲಿಗೆ ಹೋದಾಗ ಆ ಕಡೆಯಿಂದ ಒಂದು ಜಗ್ಗು ಬಂತು. ಸಣ್ಣದು. ಜಿಡ್ಡಿಗೆ ಕೈ ಜಾರಿರಬೇಕು ಎಂದುಕೊಂಡು ಮತ್ತೆ ತಿರುಗಿಸಿದೆ. ಅದೇ ಜಾಗದಲ್ಲಿ ಅದೇ ಜಗ್ಗು. ಮೂರನೆಯ ಸುತ್ತಿಗೆ ನಾನು ತಿರುಗಿಸಲಿಲ್ಲ, ಬರೀ ಕೈ ಇಟ್ಟುಕೊಂಡಿದ್ದೆ. ಕನ್ವರ್ಟರ್ ತಿರುಗಿತು. ಎದುರಿನಿಂದ ಜಗ್ಗು ಬಂತು, ಆ ಕಬ್ಬಿಣ ಬೆರಳು ದಪ್ಪ ಕೆಳಗಿಳಿದು ಕೂತಿತು. ಈ ಸಲ ಶಬ್ದವೇ ಬರಲಿಲ್ಲ. ಕೈಗೆ ಮಾತ್ರ ತಿಳಿಯಿತು.

ಎದುರಿಗೆ ಗೋಡೆ, ಅದಕ್ಕೊರಗಿದ ಒಂದು ಹಳೇ ಬಾನೆಟ್, ಅಷ್ಟೆ. ನನಗೆ ಹೆದರಿಕೆಯಾಗಲಿಲ್ಲ. ಮೊದಲು ಬಂದದ್ದು ಸಿಟ್ಟು. ನನ್ನ ಕೆಲಸಕ್ಕೆ ಅತ್ತೆ ಯಾಕೆ ಕೈ ಹಾಕಿದರು ಎಂದು.

ಅವರಿಬ್ಬರೂ ಬಂದ ಮೇಲೆ ಗೇರ್ ಬಾಕ್ಸ್ ಎತ್ತಿಸಿದೆ. ಒತ್ತಾಯವಿಲ್ಲದೆ ಹೋಗಿ ಎಂಜಿನ್ನಿಗೆ ಅಂಟಿಕೊಂಡಿತು. ಬೋಲ್ಟುಗಳು ಬೆರಳಲ್ಲೇ ತಿರುಗಿದವು. ಎಣ್ಣೆ ತುಂಬಿ, ಮೂವರೂ ಕೂತು ಮಿಡಿಗೇಶಿ ರಸ್ತೆಗೆ ಹೋದೆವು. ಏರು ಬಂತು. ಇಬ್ರಾಹಿಂ "ಯಾ ಅಲ್ಲಾ" ಎಂದು ಕಾಲು ಒತ್ತಿದ. ಗೇರು ತಾನಾಗಿ ಬಿತ್ತು, ಗಾಡಿ ಎತ್ತಿನ ಹಾಗೆ ಎದೆ ಕೊಟ್ಟು ಹತ್ತಿತು. ವಾಪಸು ಬಂದು ಟೀ ಅಂಗಡಿಯ ಮುಂದೆಯೇ ನಿಲ್ಲಿಸಿದೆವು. ನಮ್ಮವರು ಇಳಿದು, ಯಾರೂ ಕೇಳದೆಯೇ, "ಕೂರಿಸಿದ್ದು ಇವಳು" ಎಂದರು. ಮಣ್ಣಾಗುತ್ತದೆ ಎಂದವನು ಟೀ ಲೋಟದೊಳಗೆ ನೋಡುತ್ತಿದ್ದ. ಎಣ್ಣೆ ಸೀರೆಯಲ್ಲೇ ನಿಂತು ನಾನೂ ಒಂದು ಟೀ ಕುಡಿದೆ. ಅಷ್ಟು ರುಚಿಯಾದ ಟೀ ಆಮೇಲೆ ಕುಡಿದಿಲ್ಲ. ಬೋರ್ಡು ಅಲ್ಲೇ ಉಳಿಯಿತು.

ಸ್ವಲ್ಪ ದಿನ ಬಿಟ್ಟು ಇಬ್ರಾಹಿಂ ಒಂದು ಸುದ್ದಿ ತಂದ. ಆಮೇಲೆ ಹೊರದೇಶದಿಂದ ಬಂದ ಆ ಸಂಸ್ಥೆಯ ಮೆಕ್ಯಾನಿಕ್ಕು ಹೇಳಿದನಂತೆ, ಆ ಕನ್ವರ್ಟರ್ ಮೂರು ಸಲ ಇಳಿಯಬೇಕು; ಎರಡಕ್ಕೇ ನಿಲ್ಲಿಸಿ ಬೋಲ್ಟು ಬಿಗಿದಿದ್ದರೆ ಒಳಗಿನ ಎಣ್ಣೆ ಪಂಪು ಎರಡು ಹೋಳಾಗುತ್ತಿತ್ತು, ಅದು ಈ ದೇಶದಲ್ಲಿ ಸಿಗುವುದೂ ಇಲ್ಲ ಎಂದು. ಆಗ ನಮ್ಮವರಿಗೆ ನಡೆದದ್ದು ಹೇಳಿದೆ. ಅವರು, "ಒಳಗೆ ಉಳಿದಿದ್ದ ಎಣ್ಣೆ ಸುತ್ತಿ ಎಳ್ದಿರ್ತೈತೆ" ಎಂದರು. ಇದ್ದರೂ ಇರಬಹುದು. ಆದರೆ ಎಣ್ಣೆಗೆ ಸೊಟ್ಟ ಕೈ ಇರುತ್ತದೆಯೇ?

ಮುಂದೊಂದು ವರ್ಷ ಅದೇ ಗಾಡಿಯ ಗೇರ್ ಬಾಕ್ಸ್ ಮತ್ತೆ ಇಳಿಸಿದೆವು. ನಮ್ಮವರ ಸುಟ್ಟ ಕೈ ವಾಸಿಯಾಗಿದ್ದರೂ ಕನ್ವರ್ಟರ್ ಕೂರಿಸಲು ನಾನೇ ಕೂತೆ. ಅದೇ ಟಯರು, ಅದೇ ಎಣ್ಣೆ, ಅದೇ ಜಾಗ. ಎರಡು ಸಲ ಇಳಿದ ಮೇಲೆ ಕೈ ಇಟ್ಟುಕೊಂಡು ಕಾದೆ. ಯಾರೂ ಎಳೆಯಲಿಲ್ಲ. ಮೂರನೆಯದನ್ನು ನಾನೇ ಹುಡುಕಿ ಕೂರಿಸಿದೆ. ಆಮೇಲೆ ಗೋಡೆಯ ಕಡೆ ನೋಡಿ, "ಕೂತೈತೆ. ಬೇಕಾದ್ರೆ ನೋಡ್ಕೊಳ್ಳಿ" ಎಂದೆ.

"ಯಾರಿಗೆ ಹೇಳ್ತಿದ್ದೀಯೆ?" ಎಂದರು ನಮ್ಮವರು.

ಚೈನ್ ಪುಲ್ಲಿಯ ಸರಪಳಿ ಅವರ ಕೈಗೆ ಕೊಟ್ಟೆ. ಯಾರಿಗೆ ಹೇಳಿದೆ ಎಂದು ನನಗೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.