ನಾಯಿಯಂತೆ ಕಾಣುವ ಆಡು

ಗುಡೂರಿನಲ್ಲಿ ಬೆಳಕು ಹರಿಯುವ ಹೊತ್ತು. ಅನುರಾಧಾ ಹಿತ್ತಲ ಕಟ್ಟೆಯ ಮೇಲೆ ಕುಳಿತು ಆಡಿನ ಚಿತ್ರ ಬಿಡಿಸುತ್ತಿದ್ದಾರೆ. ಒಳಗೆ ಚಹಾ ಉಕ್ಕಿ ಚೆಲ್ಲುತ್ತಿದೆ, ಗಂಡ ಗಾಳೆಪ್ಪ ಕೂಗುತ್ತಿದ್ದಾರೆ, ಇವರಿಗೆ ಅದರ ಕಡೆ ಲಕ್ಷ್ಯವಿಲ್ಲ. ಕೊಂಬು ಬಂತು, ಗಡ್ಡ ಬಂತು. ಬಾಲ ಎಳೆದದ್ದೇ ತಡ, ಎಲ್ಲ ಕೆಟ್ಟಿತು. "ನೋಡ್ರಿ, ಮತ್ತ ನಾಯಿನ ಆತು," ಎಂದು ಹಾಳೆಯನ್ನು ಮುದುಡುತ್ತಾರೆ. "ಆಕಿ ಆಗಿದ್ರ ಒಂದ ಗೆರಿಯೊಳಗ ಎಬ್ಬಿಸಿ ನಿಂದರಸ್ತಿದ್ಲು."

ಆಕೆ ಎಂದರೆ ಅಫ್ಸಾನಾ. ಇಬ್ಬರೂ ಊರಿನ ಕಿರಿಯ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿಯರು. ಅನುರಾಧಾ ಇಲ್ಲಿಗೆ ಬಂದು ವರ್ಷಗಳೇ ಉರುಳಿವೆ. ಪ್ರತಿ ಜೂನ್‌ನಲ್ಲೂ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಅಳುಕು ಮಾತ್ರ ಹಳೆಯದಾಗಿಲ್ಲ. ಅಫ್ಸಾನಾ ಸೇರಿದ್ದು ಹೋದ ವರ್ಷ. ದಿನವೂ ಇಳಕಲ್‌ನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಮರಳುತ್ತಾಳೆ.

ಶಾಲೆಗೆ ಚಿತ್ರಕಥೆ ತಂದವರು ಅನುರಾಧಾ. ಒಂದನೆಯ ತರಗತಿಯ ಮಕ್ಕಳು ಅಕ್ಷರಗಳನ್ನು ಸೂರಿನ ಕಡೆ ನೋಡುತ್ತ ಒದರುತ್ತಿದ್ದರೇ ಹೊರತು ಹಲಗೆಯ ಮೇಲೆ ಕೈ ಇಟ್ಟು ಕೇಳಿದರೆ ಬಾಯಿ ಕಟ್ಟುತ್ತಿತ್ತು. ರೋಸಿಹೋಗಿ ಒಂದು ದಿನ ಹಲಗೆಯ ಮೇಲೆ ಮೂರು ಚೌಕ ಹಾಕಿದರು. ತಗಡಿನ ಮೇಲೆ ಹತ್ತಿದ ಆಡು, ಕೆಳಗೆ ಕೋಲು ಹಿಡಿದ ಮುದುಕಿ. ಮುದುಕಿಯ ಬಾಯಿಂದ ಹೊರಟ ಗುಳ್ಳೆಯಲ್ಲಿ "ಇಳಿ." ಆಡಿನ ಗುಳ್ಳೆಯಲ್ಲಿ "ಒಲ್ಲೆ." ಮಕ್ಕಳು ಬಿದ್ದು ಬಿದ್ದು ನಕ್ಕರು. ಮರುದಿನ ಬಂದವರೇ ತಾವಾಗಿ ಅದನ್ನು ಓದಿದರು. "ಪುಸ್ತಕದ ಮಾತು ಸಾಲ್ಯಾಗಷ್ಟ ಇರ್ತಾವ. ಒಲ್ಲೆ ಅನ್ನೂದು ಎಲ್ಲಾರ ಮನ್ಯಾಗೂ ಇರತೈತಲ್ರಿ," ಎನ್ನುತ್ತಾರೆ. ಅಂದಿನಿಂದ ದಿನಕ್ಕೊಂದು ಹಾಳೆ, ದಿನಕ್ಕೊಂದು ಪುಟ್ಟ ಕಥೆ.

ಹೀಗಿರುವಾಗ ಅಫ್ಸಾನಾ ಬಂದಳು. ಅವಳ ತಂದೆ ಜಾಫರಸಾಬ ಇಳಕಲ್‌ನಲ್ಲಿ ಅಂಗಡಿಗಳ ಬೋರ್ಡು ಬರೆಯುವವರು. ಕುಂಚ ಹಿಡಿದೇ ಬೆಳೆದ ಹುಡುಗಿ. "ಅಕ್ಕಾರ, ನಾನೂ ಒಂದ ಆಡು ತಗೀಲೇನ್ರಿ?" ಎಂದು ಕೇಳಿದಳು. ತೆಗೆದಳು. ಅದರ ಕಣ್ಣಿನಲ್ಲಿ ತುಂಟತನವಿತ್ತು, ಮೂಗು ತೇವವಾಗಿದ್ದಂತಿತ್ತು. ಮಕ್ಕಳೆಲ್ಲ ಅವಳ ಸುತ್ತ ಮುತ್ತಿದರು. ಅನುರಾಧಾ ಕೈಯಲ್ಲಿದ್ದ ಹಾಳೆಯನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡರು. "ಹೊಟ್ಟ್ಯಾಗ ಮೆಣಸಿನಕಾಯಿ ಅರದಂಗ ಆತ್ರಿ," ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಆಕಿ ಕೆಟ್ಟಾಕಿ ಆಗಿದ್ರ ಸಿಟ್ಟರ ಮಾಡಬಹುದಿತ್ತು. ಭಾಳ ಛಲೋ ಹುಡಿಗಿ. ಅದ ತ್ರಾಸು."

ಎರಡನೆಯ ತರಗತಿಯ ವಿದ್ಯಾ ಕುರಿ ಕಾಯುವ ಮನೆಯ ಮಗಳು. ದೀಪಾವಳಿ ದಾಟಿದರೆ ಅಪ್ಪ ಅವ್ವನ ಜೊತೆ ಕುರಿಯ ಹಿಂದೆ ಹೊರಟುಬಿಡುತ್ತಾಳೆ. ಮರಳಿ ಬರುವಷ್ಟರಲ್ಲಿ ಕಲಿತದ್ದೆಲ್ಲ ಮರೆತು, ಮತ್ತೆ ತನಗಿಂತ ಚಿಕ್ಕವರ ನಡುವೆ ಕೂರಬೇಕು. ಈ ಸಲ ಅವಳು ಹೊರಡುವ ಮೊದಲು ಓದಿಸಿಯೇ ತೀರಬೇಕೆಂದು ಅನುರಾಧಾ ಹಟ ಹಿಡಿದಿದ್ದರು. ಆದರೆ ವಿದ್ಯಾ ಅವರ ಚಿತ್ರ ನೋಡಿ, "ಅಕ್ಕೋರ, ಇದು ನಾಯಿ ಐತ್ರಿ. ಅಫ್ಸಾನಾ ಟೀಚರ್ದ ಕೊಡ್ರಿ," ಎಂದುಬಿಟ್ಟಳು. ಕುರಿಗಳ ನಡುವೆ ಹುಟ್ಟಿದ ಮಗುವಿನ ತೀರ್ಪು, ವಾದಿಸುವಂತಿಲ್ಲ.

ಕೊಟ್ಟರು. ವಿದ್ಯಾ ಅಫ್ಸಾನಾಳ ಹಾಳೆಯನ್ನು ಪಟಪಟನೆ ಓದಿದಳು. ತರಗತಿ ಚಪ್ಪಾಳೆ ತಟ್ಟಿತು. ಅನುರಾಧಾ ಒಬ್ಬರಿಗೇ ಅನುಮಾನ. ಗುಳ್ಳೆಯಲ್ಲಿ "ಒಲ್ಲೆ" ಎಂದಿದೆ, ಹುಡುಗಿ "ಬರಂಗಿಲ್ಲ" ಎಂದಳಲ್ಲ? ಅಂಗೈಯಿಂದ ಚಿತ್ರ ಮುಚ್ಚಿ ಅಕ್ಷರವಷ್ಟೇ ತೋರಿಸಿದರು. ವಿದ್ಯಾ ಸೂರಿನ ಕಡೆ ನೋಡತೊಡಗಿದಳು. ಚಿತ್ರ ಅಷ್ಟು ಚೆಂದವಿದ್ದುದರಿಂದ ಅಕ್ಷರ ನೋಡುವ ಅಗತ್ಯವೇ ಬಿದ್ದಿರಲಿಲ್ಲ.

"ಖರೆ ಹೇಳ್ತೇನಿ, ನನಗ ಖುಷಿ ಆತ್ರಿ," ಎನ್ನುವಾಗ ಅನುರಾಧಾ ನೆಲ ನೋಡುತ್ತಾರೆ. "ಕೂಸಿಗೆ ಓದಾಕ ಬರಲಿಲ್ಲ ಅಂತ ಖುಷಿ ಪಡೂ ಟೀಚರ್ ಎಲ್ಲೆರ ಇರ್ತಾರೇನ್ರಿ?"

ಆ ಖುಷಿಯನ್ನು ಕೆಲವು ದಿನ ಒಬ್ಬರೇ ಇಟ್ಟುಕೊಂಡು ಓಡಾಡಿದರು. ದೀಪಾವಳಿ ಹತ್ತಿರ ಬಂತು. ಒಂದು ಸಂಜೆ ಬಸ್ ಸ್ಟ್ಯಾಂಡಿನವರೆಗೂ ಅಫ್ಸಾನಾಳ ಜೊತೆ ನಡೆದರು. "ಚಿತ್ರ ನೀನ ತಗಿ. ಆದ್ರ ಎಲ್ಲಾ ತೋರಿಸಬ್ಯಾಡ. ಮುಖ್ಯದ್ದನ್ನ ನನ್ನ ಅಕ್ಷರಕ್ಕ ಬಿಡು," ಎಂದರು.

"ಅರ್ಧಾ ಚಿತ್ರ ಬಿಡಬೇಕೇನ್ರಿ ಅಕ್ಕಾರ? ನಮ್ಮ ಅಬ್ಬಾ ನೋಡಿದ್ರ ಬೈತಾರ," ಎಂದು ಅಫ್ಸಾನಾ ನಕ್ಕಳು. ಕಾರಣ ಕೇಳಿದ ಮೇಲೆ ನಗು ನಿಲ್ಲಿಸಿದಳು. ವಿದ್ಯಾ ಓದಿದಳೆಂದು ಅವಳು ಮನೆಯಲ್ಲೆಲ್ಲ ಹೇಳಿಕೊಂಡಿದ್ದಳು.

ಮರುದಿನದ ಹಾಳೆಯಲ್ಲಿ ಆಡು ಬುಟ್ಟಿಯೊಳಗೆ ತಲೆ ತೂರಿಸಿತ್ತು. ಬುಟ್ಟಿಯಲ್ಲಿ ಏನಿದೆ ಎಂಬುದು ಚಿತ್ರದಲ್ಲಿಲ್ಲ, ಗುಳ್ಳೆಯಲ್ಲಿ ಮಾತ್ರ. ವಿದ್ಯಾ ಹಾಳೆ ತಿರುಗಿಸಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಬೇರೆ ದಾರಿ ಕಾಣದೆ ಅಕ್ಷರದ ಮೇಲೆ ಬೆರಳಿಟ್ಟಳು. "ಹಾ... ವು..." ಬುಟ್ಟಿಯನ್ನು ಮತ್ತೊಮ್ಮೆ ನೋಡಿದಳು. "ಅಯ್ಯ, ಹಾವು!" ಎಂದು ಚೀರಿ ಎರಡೂ ಕಾಲು ಮೇಲೆ ಎಳೆದುಕೊಂಡಳು. ನಗುತ್ತ ಎದ್ದು ಓಡಿದ್ದು ಮಾತ್ರ ಅಫ್ಸಾನಾಳ ಬಳಿಗೆ.

ಹೊರಡುವ ದಿನ ವಿದ್ಯಾಳ ತಾಯಿ ಸತ್ಯವ್ವ ಮಗಳಿಗಾಗಿ ಹಾಳೆಗಳ ಕಟ್ಟು ಒಯ್ಯಲು ಶಾಲೆಗೆ ಬಂದಿದ್ದರು. "ಆ ಚಿತ್ರ ತಗಿಯೂ ಟೀಚರ್ ನಮ್ಮ ಹುಡಿಗಿಗೆ ಓದಾಕ ಕಲಿಸಿದ್ರು ನೋಡ್ರಿ," ಎಂದು ಅನುರಾಧಾರಿಗೇ ಹೇಳಿದರು. "ಹೂನವಾ," ಎಂದು ಅನುರಾಧಾ ಹಾಳೆಗಳಿಗೆ ದಾರ ಬಿಗಿದು ಕೊಟ್ಟರು. ಆ ರಾತ್ರಿ ಊಟ ಸೇರಲಿಲ್ಲವಂತೆ.

ಈಗ ಇಬ್ಬರ ಹಾಳೆಗಳು ಜೆರಾಕ್ಸ್ ಆಗಿ ಬೇವೂರಿನ ಶಾಲೆಯವರೆಗೂ ಹೋಗುತ್ತಿವೆ. ಅಲ್ಲಿಯ ಮಕ್ಕಳೂ ಚಿತ್ರ ಯಾರದೆಂದೇ ಕೇಳುತ್ತಾರೆ. ಅನುರಾಧಾ ಮಾತ್ರ ಬೆಳಗ್ಗೆ ಎದ್ದು ಇನ್ನೂ ಆಡಿನ ಬಾಲದ ಜೊತೆ ಗುದ್ದಾಡುತ್ತಾರೆ.

ಪತ್ರಿಕೆಗೆ ಫೋಟೊ ತೆಗೆಯಬೇಕೆಂದಾಗ ಅವರೇ ಅಫ್ಸಾನಾಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು, ಅವಳ ದುಪಟ್ಟಾ ಸರಿಮಾಡಿದರು. ಆಮೇಲೆ ಮೆಲ್ಲಗೆ ಹತ್ತಿರ ಬಂದು ಹೇಳಿದರು: "ಇಬ್ಬರದೂ ಹಾಕ್ರಿ. ಆದ್ರ ಹೆಸರು ಬರಿಯುವಾಗ ನಂದು ಮೊದಲ ಬರೀರಿ. ಅನು, ಅಫ್ಸಾ... ಅಕ್ಷರಮಾಲಿ ಹಿಡದ್ರೂ ನಾನ ಮುಂದ ಬರ್ತೇನಿ."